ಫಿನಾಯಿಲ್ ಪೋಕರ್

ಅಂಗಳಕ್ಕೆ ಕಾಲಿಡುವಾಗಲೇ ಊರಿನ ಧಣಿ ತ್ಯಾಂಪಣ್ಣ ಹೆಗಲ ಬೈರಾಸನ್ನು ಮೂಗಿಗೆ ಒತ್ತಿಕೊಂಡದ್ದನ್ನು ನೆಬೀಸ ಒಳಗಿನ ಕಿಟಕಿಯಿಂದ ಕಂಡಳು. ಅವಳ ಮೈಯೆಲ್ಲ ಉರಿದುಹೋಯಿತು. ಗಂಡ ಪೋಕರ್‌ನ ಮಯ್ಯತ್ತನ್ನು ಮೀಯಿಸಿ, ಬಿಳಿ ಬಟ್ಟೆ ಸುತ್ತಿ, ಕರ್ಪೂರ ಹಾಕಿ ಮಲಗಿಸಿದ್ದರು. ಮೀನಿನ ಬುಟ್ಟಿ ಈ ಮನೆಯ ಹೊಸ್ತಿಲು ದಾಟದೆ ಎಂಟು ವರ್ಷವಾಗಿತ್ತು. ಇನ್ನು ಯಾವ ನಾತಕ್ಕೆ ಮೂಗು ಮುಚ್ಚುವುದು ಈ ಮನುಷ್ಯ?

"ದೊಡ್ಡವರು ಬಂದಿದ್ದಾರಲ್ಲ, ಅಷ್ಟಾದರೂ ಮರ್ಯಾದೆ ಉಂಟು," ಎಂದಳು ನೆರೆಮನೆಯ ಜೈನಬಮ್ಮ.

"ಇವರನ್ನು ಮೋಸಗಾರ ಅಂತ ಹೇಳಿದ್ದು ಅವರೇ ಅಲ್ವಾ? ಮಣ್ಣಿಗೆ ಹೋಗುವ ಮೊದಲು ಆ ಮಾತು ವಾಪಸ್ ತೆಗೊಂಡ್ರೆ ಮರ್ಯಾದೆ. ಇಲ್ಲದಿದ್ರೆ ಎಂತ ಮರ್ಯಾದೆ?" ಎಂದಳು ನೆಬೀಸ.

*

ಎಪ್ಪತ್ತೆಂಟನೆಯ ಇಸವಿ. ಪೋಕರ್ ಮಂಗಳೂರಿನ ಬಂದರಿನ ಧಕ್ಕೆಯಿಂದ ಬಸ್ಸಿನ ಟಾಪಿನಲ್ಲಿ ಬುಟ್ಟಿ ಹೇರಿಕೊಂಡು ಬಂದು ಈಶ್ವರಮಂಗಲದ ಪೇಟೆಯಲ್ಲಿ ಮರುವಾಯಿ ಮಾರುತ್ತಿದ್ದ. ಕಡಲ ತಳದ ಕೆಸರಿನಿಂದ ಹೆಕ್ಕಿದ ಚಿಪ್ಪುಮೀನು. ಒಂದು ದಿನ ಅದನ್ನು ತಿಂದು ತ್ಯಾಂಪಣ್ಣನ ಮನೆಮಂದಿಯೆಲ್ಲ ವಾಂತಿ ಮಾಡಿದರು. "ಹಳಸಿದ್ದನ್ನು ಫಿನಾಯಿಲ್ ಹಾಕಿ ತೊಳೆದು ತಂದಿದ್ದಾನೆ, ಮೋಸಗಾರ!" ಎಂದು ತ್ಯಾಂಪಣ್ಣ ಪೇಟೆಯ ನಡುವೆ ಬುಟ್ಟಿಯನ್ನು ಒದ್ದ.

ಮರುದಿನವೇ ಪೋಕರ್ ಕಡಲಿಗೆ ಹೋದ. ಮರುವಾಯಿ ತೆಗೆಯುವವರ ದೋಣಿಯಲ್ಲಿ ಕೂತು, ಅವರು ಚಿಪ್ಪು ಹೆಕ್ಕುವ ಕಡೆಯೇ ಇದ್ದ ಹೊಸ ಕಾರ್ಖಾನೆಯೊಂದರ ಕೊಳಚೆ ನೀರಿನ ಕೊಳವೆಯ ಹತ್ತಿರ ತಳ ಕೆರೆಸಿ ನೋಡಿದ. ಬಲೆಯಲ್ಲಿ ಬಂದದ್ದು ಕರಿ ಲೋಳೆ. ಅದರೊಳಗೆ ಬಾಯಿ ತೆರೆದು ಸತ್ತ ಚಿಪ್ಪುಗಳು, ಕೊಳೆತು ಕರಗಿದ ಏಡಿಗಳು. ಹುಳ ಕೂಡ ಬದುಕಿರಲಿಲ್ಲ. ಫಿನಾಯಿಲಿನಂಥ ಅದೇ ನಾತ. ಅವನು ದೋಣಿಯ ಅಂಚಿಗೆ ಬಗ್ಗಿ ಕಾರಿಕೊಂಡ.

ಒಂದು ಡಬ್ಬಿ ಕೆಸರು ತಂದು ನೆಬೀಸಳಿಗೆ ತೋರಿಸಿದ. ಆಮೇಲೆ ತ್ಯಾಂಪಣ್ಣನ ಅಂಗಳಕ್ಕೆ ಹೋಗಿ ನಿಂತ. "ನೋಡಿ ಧಣಿ, ಇದು ಕಡಲಿನ ಅಡಿಯದ್ದು. ನಾನು ಎಂತದೂ ಹಾಕಿದ್ದಲ್ಲ."

"ಥೂ! ಆಚೆ ಕೊಂಡೋಗು ಮಾರಾಯ!"

ಡಬ್ಬಿಯೊಳಗೆ ಊರಿನ ಒಬ್ಬರೂ ಇಣುಕಲಿಲ್ಲ. ಫಿನಾಯಿಲ್ ಪೋಕರ್ ಎಂಬ ಹೆಸರು ಮಾತ್ರ ಗಟ್ಟಿಯಾಯಿತು. ಅವನು ಮತ್ತೆ ಬುಟ್ಟಿ ಹೊರಲಿಲ್ಲ. ಸಾಯುವ ತನಕ ಮನೆಯಲ್ಲೇ ಕೂತು ಬೀಡಿ ಕಟ್ಟಿದ.

*

ಮಯ್ಯತ್ ಎತ್ತುವ ಮೊದಲು ಮಗ ಸಲಾಂ ರೂಢಿಯಂತೆ ಜನರ ಎದುರು ನಿಂತು ಕೇಳಿದ: "ನನ್ನ ಬಾಪನಿಂದ ಯಾರಿಗಾದರೂ ತಪ್ಪಾಗಿದ್ರೆ ಕ್ಷಮಿಸಿಬಿಡಿ."

ಎಲ್ಲರೂ ತಲೆಯಾಡಿಸಿದರು. ತ್ಯಾಂಪಣ್ಣ ಒಂದು ಹೆಜ್ಜೆ ಮುಂದೆ ಬಂದ. "ತಿನ್ನಬಾರದ್ದನ್ನು ನಮಗೆ ತಿನ್ನಿಸಿದ್ದ. ಇರ್ಲಿ, ಸತ್ತವನ ಮೇಲೆ ಎಂತ ಹಗೆ? ನಾನು ಕ್ಷಮಿಸಿದ್ದೇನೆ."

ದೊಡ್ಡ ಮನಸ್ಸು ಎಂದು ಯಾರೋ ಅಂದರು. ನೆಬೀಸಳಿಗೆ ಹೇಸಿಗೆಯಾಯಿತು. ಅಂದು ಆ ಕೆಸರನ್ನು ಕಂಡಾಗಲೂ ಇಷ್ಟು ಹೇಸಿರಲಿಲ್ಲ. ಮಯ್ಯತ್ತಿನ ಮಂಚ ಆಗಲೇ ನಾಲ್ವರ ಹೆಗಲೇರಿತ್ತು.

"ಗಂಡ ಸತ್ತು ಇದ್ದತ್ ಕೂತವಳು ಗಂಡಸರ ಎದುರು ಹೋಗುದಾ? ಬೇಡ ನೆಬೀಸ!" ಜೈನಬಮ್ಮ ಸೆರಗು ಹಿಡಿದಳು. ನೆಬೀಸ ಕೊಸರಿಕೊಂಡು ಅಂಗಳಕ್ಕೆ ಇಳಿದಳು.

"ನಿಮ್ಮ ಕ್ಷಮೆ ಯಾರಿಗೆ ಬೇಕು ತ್ಯಾಂಪಣ್ಣರೆ? ತಪ್ಪು ಅವರದ್ದಲ್ಲ. ನೀವು ಅವರ ಹತ್ರ ಕ್ಷಮೆ ಕೇಳಿ. ಆಮೇಲೆ ಮಯ್ಯತ್ ಕೊಂಡೋಗ್ಲಿ."

ಮಂಚದ ಮುಂದಿನ ಕಾಲಿಗೆ ಹೆಗಲು ಕೊಟ್ಟಿದ್ದ ಸಲಾಂ ಮೊದಲು ಮೊಣಕಾಲು ಬಗ್ಗಿಸಿದ. ಉಳಿದ ಮೂವರೂ ಬಗ್ಗಿದರು. ಮಂಚ ಮತ್ತೆ ನೆಲಕ್ಕಿಳಿಯಿತು, ತ್ಯಾಂಪಣ್ಣನ ಎದುರಿಗೇ.