ಮಹಡಿ ಮೇಲಿನ ರೂಮಿನ ಕಂದಾಯ

ಹೊಸದುರ್ಗದ ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ಪ್ರದೀಪನ ಸಂಬಳ ಬಂದ ಕೂಡಲೇ ಅವನ ಹೆಂಡತಿ ಯಮುನಾ ಅದನ್ನು ಪಾಲು ಮಾಡುತ್ತಿದ್ದಳು. ದಿನಸಿಗಿಷ್ಟು, ಗ್ಯಾಸಿಗಿಷ್ಟು, ಮಗಳ ಸ್ಕೂಲ್ ವ್ಯಾನಿಗಿಷ್ಟು, ಅತ್ತೆ ಕಾಟಮ್ಮನ ಬಿ.ಪಿ. ಮಾತ್ರೆಗಿಷ್ಟು. ಮನೆ ಕಂದಾಯಕ್ಕೆ, ನೀರಿನ ಬಿಲ್ಲಿಗೆ ಅಂತಲೂ ಒಂದಿಷ್ಟು ತೆಗೆದಿಡುತ್ತಿದ್ದಳು. ಹೇಗೋ ಸಂಸಾರ ಸಾಗುತ್ತಿತ್ತು.

ಅವತ್ತು ಮಧ್ಯಾಹ್ನ ಟೇಪು ಹಿಡಿದುಕೊಂಡು ಒಬ್ಬ ಬಂದ. ಪುರಸಭೆಯಿಂದ ಅಂದವನೇ ಮಹಡಿ ಹತ್ತಿ, ಹೋದ ವರ್ಷ ಅತ್ತೆಗೆಂದು ಕಟ್ಟಿಸಿದ್ದ ಶೀಟಿನ ರೂಮು ಅಳೆದ.

"ಇದಕ್ಕೆ ಲೈಸೆನ್ಸ್ ಐತೇನಮ್ಮ?"

ಯಮುನಾ ಇದ್ದದ್ದನ್ನೇ ಹೇಳಿದಳು. "ಇಲ್ಲ ಸಾರ್."

"ಹಂಗಾದ್ರೆ ಡಬಲ್ ಕಂದಾಯ, ಮೇಲೆ ದಂಡ. ಇಲ್ಲಾಂದ್ರೆ ಒಡೆದು ಹಾಕ್ತಾರೆ. ಎಂಟು ಸಾವಿರ ಜೋಡಿಸಿಡ್ರಿ, ಆಫೀಸಿನೊಳಗೆ ನಾನು ಸರಿ ಮಾಡ್ತೀನಿ. ಸೋಮವಾರ ಬರ್ತೀನಿ. ಯಾರಿಗೂ ಹೇಳಬ್ಯಾಡ್ರಿ."

ಅವಳು ಗಂಡನಿಗೂ ಹೇಳಲಿಲ್ಲ. ಪರ್ಮಿಷನ್ ತಗೊಂಡೇ ಕಟ್ಟಾಣ ಅಂತ ಅವನು ಅಂದಾಗ, ಆಮೇಲೆ ನೋಡಿದ್ರಾಯ್ತು ಅಂತ ಅವಸರ ಮಾಡಿದ್ದವಳು ಅವಳೇ. ಹಾಲು ಅರ್ಧಕ್ಕಿಳಿಸಿದಳು, ವ್ಯಾನು ಬಿಡಿಸಿದಳು. ಆದರೂ ಎಂಟು ಸಾವಿರ ಎಲ್ಲಿಂದ ಬರಬೇಕು? ಗೇಟು ಕಿರ್ ಅಂದರೆ ಕಿಟಕಿಗೆ ಓಡಿ ಇಣುಕುತ್ತಿದ್ದಳು. "ಮಾತ್ರೆ ಇನ್ನೂ ಅವೆ, ತರಬ್ಯಾಡ" ಅಂತ ಕಾಟಮ್ಮ ಅಂದಾಗ, ಸದ್ಯ ಅಷ್ಟಾದರೂ ಉಳಿಯಿತಲ್ಲ ಅಂದುಕೊಂಡಳು.

ಶನಿವಾರ ಬೆಳಗ್ಗೆ ಮೆಟ್ಟಿಲಿಳಿಯುತ್ತಿದ್ದ ಕಾಟಮ್ಮ ತಲೆ ಸುತ್ತಿ ಬಿದ್ದಳು. ಹಣೆ ಒಡೆದು ರಕ್ತ. ಆಸ್ಪತ್ರೆಯಲ್ಲಿ ಡಾಕ್ಟರು ಬಿ.ಪಿ. ನೋಡಿ, "ಮಾತ್ರೆ ಬಿಟ್ಟಿದ್ರಾ?" ಅಂತ ಗದರಿದರು.

ಕಾಟಮ್ಮ ಸೊಸೆಯ ಕೈ ಹಿಡಿದಳು. "ಆ ಟೇಪಿನವನು ಹೇಳಿದ್ದೆಲ್ಲ ಕೇಳಿಸ್ಕಂಡೆ ಕಣವ್ವ. ನನಗೋಸ್ಕರ ಕಟ್ಟಿದ ರೂಮು. ಮಾತ್ರೆ ದುಡ್ಡು ಅದಕ್ಕಾದ್ರೂ ಆಗ್ಲಿ ಅಂತ..."

ಯಮುನಾ ಅಲ್ಲೇ ಜೊತೆಗಿದ್ದ ಗಂಡನಿಗೆ ಎಲ್ಲ ಹೇಳಿ ಅತ್ತಳು. ಅವನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಸೋಮವಾರ ಪುರಸಭೆ ಬಾಗಿಲು ತೆಗೆಯುತ್ತಲೇ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋದರು. ಕಂದಾಯ ವಿಭಾಗದ ಕಾವ್ಯ ಎಲ್ಲ ಕೇಳಿ, "ನಾವು ಯಾರನ್ನೂ ಕಳಿಸಿಲ್ಲಮ್ಮ. ಮೊದಲು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ರಿ" ಅಂದಳು. "ಆದ್ರೆ ರೂಮು ಕಂದಾಯದ ಲೆಕ್ಕಕ್ಕೆ ತೋರಿಸ್ಲೇಬೇಕು. ಇಂಜಿನಿಯರ್ ಬಂದು ನೋಡಿದ ಮೇಲೆ ದಂಡ ಎಷ್ಟು ಅಂತ ಗೊತ್ತಾಗೋದು."

ಪ್ರದೀಪ ಸ್ಟೇಷನ್ನಿಗೆ ಹೋದ. ಅತ್ತೆ ಒಬ್ಬಳೇ ಅಂತ ಯಮುನಾ ಮನೆಗೆ ಓಡಿದಳು. ಟೇಪಿನವನು ಆಗಲೇ ಗೇಟಿನ ಹತ್ತಿರ ನಿಂತಿದ್ದ.

"ಜೋಡಿಸಿದ್ರಾ?"

"ಪುರಸಭೆಯಿಂದ್ಲೇ ಬಂದೆ. ಕೌಂಟರಿನಾಗೇ ಕಟ್ಟಾಣ, ನಡೀರಿ." ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಅವನು ಅವಳನ್ನು ನೋಡಿದ, ತಲೆ ಎತ್ತಿ ರೂಮನ್ನು ನೋಡಿದ. "ನಿಮ್ಮನೆ ಗೊತ್ತಾತಲ್ಲ, ಆಮೇಲೆ ನೋಡ್ಕಂತೀನಿ ಬಿಡು" ಅಂದವನೇ ಬೈಕು ಹತ್ತಿ ಹೋದ. ಯಮುನಾ ಒಳಗೆ ಬಂದು ಚಿಲಕ ಹಾಕಿದಳು.

ಪೊಲೀಸರಿಗೆ ಅವನು ಸಿಗಲಿಲ್ಲ. ಎಂಟು ದಿನದ ಮೇಲೆ ಇನ್ನೊಬ್ಬರು ಬಂದು, ಇಂಜಿನಿಯರ್ ಅಂತ ಹೇಳಿ, ಕಾರ್ಡನ್ನು ಗೇಟಿನ ಸಂದಿಯಲ್ಲಿ ತೋರಿಸಿದರು. ಯಮುನಾ ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡಿದಳು. ಆದರೂ ಗೇಟು ತೆಗೆಯಲಿಲ್ಲ. "ಒಂದ್ನಿಮಿಷ ಇರ್ರಿ ಸಾರ್" ಅಂದು, ಪುರಸಭೆಯಲ್ಲಿ ಕಾವ್ಯ ಕೊಟ್ಟಿದ್ದ ನಂಬರಿಗೆ ಫೋನು ಹಚ್ಚಿದಳು.