ಮೂರನೇ ಗೇಟಿನ ಕುರ್ಚಿ

ಮೊಣಕಾಲು ಬಗ್ಗುತ್ತಿರಲಿಲ್ಲ. ವೈಜನಾಥ ಎರಡೂ ಕೈ ಊರಿ ಒತ್ತಿದ. ಅಮರಯ್ಯನ ಕಾಲು ನೆಟ್ಟ ಕಂಬದ ಹಾಗೆ ಚಾಚಿಕೊಂಡೇ ಇತ್ತು.

"ಸಾವಕಾಶ ಒತ್ತೋ ಮಾರಾಯ, ಮುರದಗಿರದೀ!" ಎಂದು ಹುಸೇನಮ್ಮ ಗದರಿದಳು. ಅಮರಯ್ಯ ಕಾವಲಿದ್ದ ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯಲ್ಲೇ ಅವಳು ಕಸ ಗುಡಿಸುತ್ತಿದ್ದಳು. ಬಿಸಿನೀರಿನ ಟವೆಲ್ ಹಿಂಡಿ ಮೊಣಕಾಲಿಗೆ ಸುತ್ತಿದಳು. "ಇನ್ನೊಂದಿಷ್ಟು ಎಣ್ಣಿ ಹಾಕು. ಐಸಿನಾಗ ಇಟ್ಟು ಕಟ್ಟಿಗಿ ಮಾಡಿ ಕಳಿಸ್ಯಾರ, ಅವರ ಬಾಯಾಗ ಮಣ್ಣು ಬೀಳ್ಲಿ."

ಲಿಂಗಂಪಲ್ಲಿಯ ರೈಲು ಹಳಿಯ ಪಕ್ಕದ ಒಂದೇ ಕೋಣೆಯ ಮನೆ. ಒಳಗೆ ಹೆಣ, ಹೊರಗೆ ಬೇವಿನ ಮರದಡಿ ಹದಿನೈದು ಇಪ್ಪತ್ತು ಮಂದಿ, ಹೆಚ್ಚಿನವರು ಸೆಕ್ಯುರಿಟಿ ಗಾರ್ಡುಗಳು. ಅಮರಯ್ಯನ ಹೆಂಡತಿ ಸೂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ ಮಾಡುತ್ತಾರೆ. ಮೈ ಸೆಟೆದುಕೊಳ್ಳುವ ಮೊದಲೇ ಕೂರಿಸಬೇಕು. ಅಮರಯ್ಯ ನಿನ್ನೆ ಮಧ್ಯಾಹ್ನ ಮೂರಕ್ಕೆ ಗೇಟಿನಲ್ಲಿ ನಿಂತಲ್ಲೇ ಕುಸಿದು ಸತ್ತ. ಹೆಣ ಮನೆಗೆ ಬಂದದ್ದು ಇವತ್ತು ಬೆಳಗ್ಗೆ ಹತ್ತಕ್ಕೆ. ಅಲ್ಲಿಯವರೆಗೂ ಆಸ್ಪತ್ರೆಯ ಫ್ರೀಜರಿನಲ್ಲಿ ನೆಟ್ಟಗೆ ಮಲಗಿತ್ತು.

ಕುಣಿ ತೋಡುವವರು ಆಗಲೇ ಎರಡು ಸಲ ಬಂದು ಕೇಳಿದ್ದರು. "ಉದ್ದಕ ತೋಡಿಬಿಡೋಣೇನು? ಕಾಲು ಬಗ್ಗಲಿಲ್ಲಂದ್ರ ಏನ್ ಮಾಡೂದು?"

"ಬ್ಯಾಡ" ಎಂದಳು ಸೂಗಮ್ಮ. ಆಮೇಲೆ ವೈಜನಾಥನ ಕಡೆ ತಿರುಗಿದಳು. "ಅಣ್ಣಾ, ನನಗ ಬ್ಯಾರೆ ಏನೂ ಬ್ಯಾಡ. ಆರು ವರ್ಷ ನಿಂತಾರ ಅವ್ರು. ಕುಂತು ಹೋಗ್ಲಿ. ಇಷ್ಟು ಮಾಡಿಕೊಡು."

ವೈಜನಾಥ ತಲೆ ಎತ್ತಲಿಲ್ಲ. ಹೆಣ ತಡವಾದದ್ದು ಯಾಕೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರಿದ್ದರು? ನಿನ್ನೆ ನಾಲ್ಕಕ್ಕೆ ಕಂಟ್ರಾಕ್ಟರನ ಆಫೀಸರ್ ಶಿವಾನಂದ ಫೋನ್ ಮಾಡಿದ್ದ. ಡ್ಯೂಟಿಯಲ್ಲಿ ಸತ್ತರೆ ಪರಿಹಾರ ಕೊಡಬೇಕಾಗುತ್ತದೆ, ರಿಜಿಸ್ಟರಿನಲ್ಲಿ ಅಮರಯ್ಯನ ಹೆಸರು ಹೊಡೆದುಹಾಕು, ಅವನು ಡ್ಯೂಟಿಯ ಮೇಲೆ ಇರಲೇ ಇಲ್ಲ ಎಂದು ಹೆಂಡತಿ ಬರೆದುಕೊಡಲಿ, ಆಮೇಲೆ ಹೆಣ ಬಿಡಿಸೋಣ, ಅಂದಿದ್ದ. ಸೂಪರ್‌ವೈಸರ್ ವೈಜನಾಥ "ಹೂಂರಿ" ಎಂದು ಗೆರೆ ಎಳೆದಿದ್ದ. ಸೂಗಮ್ಮ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನವರೆಗೂ ಹಟ ಹಿಡಿದು ಕೂತು, ಕೊನೆಗೆ ಸೋತು ಹೆಬ್ಬೆಟ್ಟು ಒತ್ತಿದ್ದಳು.

*

ಅದಕ್ಕೆ ಆರು ವರ್ಷದ ಹಿಂದೆ ಗೇಟುಗಳಲ್ಲಿ ಸ್ಟೂಲುಗಳಿದ್ದವು. ಗಚ್ಚಿಬೌಲಿಯಲ್ಲಿ ಆಗ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಒಂದು ದಿನ ಅಮೆರಿಕದಿಂದ ಬಂದ ದೊಡ್ಡ ಗಿರಾಕಿ ಕಾರಿನಿಂದ ಇಳಿದಾಗ ಗಾರ್ಡ್ ಒಬ್ಬ ಕೂತಿದ್ದನಂತೆ. ಮರುದಿನವೇ ಸ್ಟೂಲುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹೋದರು. ಹನ್ನೆರಡು ತಾಸು ನಿಂತು ನಿಂತು ಗಾರ್ಡುಗಳ ಕಾಲು ಊದಿಕೊಂಡವು. ಬೂಟು ಕಳಚಲು ಹೆಂಡಿರು ಎಳೆಯಬೇಕಾಗುತ್ತಿತ್ತು.

"ಏಳು ಮಂದಿ ಸಹಿ ಮಾಡಿದ್ರ ಯೂನಿಯನ್ ಆಗ್ತೈತಂತ" ಎಂದು ಅಮರಯ್ಯ ಲೇಬರ್ ಆಫೀಸಿನಿಂದ ಕಾಗದ ತಂದ. ಕೇಳಿದ್ದು ಎರಡೇ: ಕೂರಲು ಸ್ಟೂಲು, ಪಗಾರದಲ್ಲಿ ಸ್ವಲ್ಪ ಏರಿಕೆ. ಏಳು ಸಹಿ ಬಿದ್ದವು. ಮೂರನೆಯದು ವೈಜನಾಥನದು.

ಆಗ ನೋಡಬೇಕಿತ್ತು ಕಂಪನಿಯವರ ಓಡಾಟ! ಸ್ಟೂಲಿಗೆ ಗತಿಯಿಲ್ಲ ಎನ್ನುತ್ತಿದ್ದವರು ಗೇಟಿಗೆರಡು ಕ್ಯಾಮೆರಾ ಹಾಕಿಸಿದರು. ಕಾರಿನಲ್ಲಿ ವಕೀಲರು ಬಂದರು. ಕಂಟ್ರಾಕ್ಟರ್ ರಾತ್ರೋರಾತ್ರಿ ತನ್ನ ಸಂಸ್ಥೆಯ ಹೆಸರು ಬದಲಿಸಿ ಎಲ್ಲರನ್ನೂ ಹೊಸಬರು ಎಂದು ಬರೆದುಕೊಂಡ. ಶಿವಾನಂದ ಒಬ್ಬೊಬ್ಬರನ್ನೇ ಎಸಿ ರೂಮಿಗೆ ಕರೆದು ಚಹಾ ಕುಡಿಸಿದ. ಸಹಿ ವಾಪಸ್ ಪಡೆದವರಿಗೆ, ಕೇಳಿದ್ದಕ್ಕಿಂತ ಹೆಚ್ಚೇ ಪಗಾರ ಏರಿತು. ವೈಜನಾಥನಿಗೆ ಸೂಪರ್‌ವೈಸರನ ಟೋಪಿಯೂ ಸಿಕ್ಕಿತು. ಮೊದಲು ಸಹಿ ವಾಪಸ್ ಪಡೆದವನು ಅವನೇ.

ಕೊನೆಗೆ ಅಮರಯ್ಯ ಒಬ್ಬನೇ ಉಳಿದ. ಅವನನ್ನು ಒಳಗೆ ಕರೆದಾಗ ವೈಜನಾಥ ಹೊಸ ಟೋಪಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ.

"ಸಾಹೇಬ್ರ, ನಾವು ಕೇಳಿದ್ದು ಭಾಳ ಕಮ್ಮಿ ಇತ್ರಿ" ಎಂದ ಅಮರಯ್ಯ. "ಅದಕ್ಕಿಂತ ಹೆಚ್ಚು ನೀವು ನಮ್ಮನ್ನ ತಡಿಯಾಕ ಸುರದ್ರಿ. ಯಾಕ್ರಿ?"

ಶಿವಾನಂದ ನಕ್ಕ. ಅವನೂ ಇವರ ಹಾಗೆ ಕಲಬುರ್ಗಿ ಕಡೆಯವನೇ. "ಭಾಳ ಭೋಳೆ ಅದಿ ಅಮರಯ್ಯ. ಇದು ರೊಕ್ಕದ ಮಾತಲ್ಲೋ. ನಾನಾಗೇ ಕೊಟ್ಟದ್ದನ್ನ ನಾಳೆ ನಾ ಕಸಗೋಬಹುದು. ನೀವು ಕೂಡಿ ತಗೊಂಡದ್ದು ಮತ್ತ ನನ್ನ ಕೈಗೆ ಬರಂಗಿಲ್ಲ. ಇವತ್ತು ಸ್ಟೂಲ್ ಅಂತೀರಿ, ನಾಳೆ ನನ್ನ ಎದುರಿಗೆ ಕುರ್ಚಿ ಎಳಕೊಂಡು ಕುಂದರ್ತೀರಿ."

"ಕುಂತ್ರ ಏನಾಗ್ತೈತ್ರಿ?"

ಶಿವಾನಂದನ ನಗು ನಿಂತಿತು. ಅವನು ಅಮರಯ್ಯನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಮಂದಿ ನಾಲ್ಕು ದಿನದಲ್ಲಿ ಮರೆಯುತ್ತಿದ್ದರು. ನೆರಳೇ ಇಲ್ಲದ ಮೂರನೇ ಗೇಟಿಗೆ ಹಾಕಿದ. ಬರುವ ಹೋಗುವ ಗಾರ್ಡುಗಳೆಲ್ಲ ದಿನವೂ ನೋಡಲಿ ಎಂದು ಅಲ್ಲೇ ನಿಲ್ಲಿಸಿದ, ಆರು ವರ್ಷ.

*

ಲಟಕ್ಕನೆ ಸದ್ದಾಯಿತು. ಮೊಣಕಾಲು ಮಡಚಿಕೊಂಡಿತು.

"ಬಂತು, ಬಂತು!" ಎಂದು ಹುಸೇನಮ್ಮ ಕೂಗಿದಳು. ಕೂಗಿದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಎರಡನೇ ಕಾಲನ್ನು ಸೂಗಮ್ಮ ತಾನೇ ಎದ್ದುಬಂದು ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಮೆಲ್ಲಗೆ ಹೇಳಿದಳು: "ನಿನ್ನೆ ಆ ರಿಜಿಸ್ಟರ್ ನನಗ ತೋರ್ಸಿದ್ರು ಅಣ್ಣಾ. ಓದಾಕ ಬರಂಗಿಲ್ಲ ನನಗ. ಆದ್ರ ಗೆರಿ ನೋಡಿದೆ. ಸ್ಕೇಲ್ ಹಚ್ಚಿ ನೆಟ್ಟಗ ಗೆರಿ ಎಳಿಯಾಂವ ನೀ ಒಬ್ಬನ, ಅಂತ ಇವ್ರು ಯಾವಾಗ್ಲೂ ಹೇಳ್ತಿದ್ರು."

ವೈಜನಾಥನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ತಂಗಿ..." ಎಂದ.

"ಈಗ ಒತ್ತು" ಎಂದಳು ಅವಳು. ಅವನು ಒತ್ತಿದ.

ಮೀಸಿ, ವಿಭೂತಿ ಬಳಿದ ಮೇಲೆ ಕಡೆಯ ದರ್ಶನಕ್ಕೆ ಕೂರಿಸಲು ಕುರ್ಚಿ ಬೇಕಾಯಿತು. ಆ ಮನೆಯಲ್ಲಿದ್ದದ್ದು ಒಂದೇ, ಕೆಂಪು ಪ್ಲಾಸ್ಟಿಕ್ಕಿನದು. ಹೂವಿನ ಹಾರ ತಂದಿದ್ದ ಶಿವಾನಂದ ಬೇವಿನ ಮರದಡಿ ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗಾರ್ಡುಗಳು ಅವನ ಸುತ್ತ ನಿಂತಿದ್ದರು. ಸೂಗಮ್ಮ ಒದ್ದೆ ಕೈಯಲ್ಲೇ ಹೊರಗೆ ಹೋದಳು.

"ಏಳ್ರಿ."

"ಏನಮ್ಮ?"

"ಕುರ್ಚಿ ಬಿಟ್ಟು ಏಳ್ರಿ. ನನ್ನ ಗಂಡ ಕುಂದರಬೇಕು."

ಶಿವಾನಂದ ಅತ್ತಿತ್ತ ನೋಡಿದ. ಯಾರೂ ಅವನ ಪರವಾಗಿ ಬಾಯಿ ಬಿಡಲಿಲ್ಲ. ಪ್ಯಾಂಟ್ ಕೊಡವಿಕೊಂಡು ಎದ್ದ. ಮಣ್ಣು ಮುಗಿಯುವವರೆಗೂ ಅವನು ನಿಂತೇ ಇದ್ದ.

ಅಮರಯ್ಯ ಕುರ್ಚಿಯಲ್ಲಿ ಕೂತ. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವು. ಆ ಕುರ್ಚಿಯಲ್ಲೇ ಹೊತ್ತೊಯ್ದರು. ಕುಣಿಯೊಳಗೆ ಪದ್ಮಾಸನ ಹಾಕಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಪತ್ರಿ ಏರಿಸಿ ಅಯ್ಯನವರು ಮಂತ್ರ ಹೇಳಿದರು. ವೈಜನಾಥ ಮೂರು ಹಿಡಿ ಮಣ್ಣು ಹಾಕಿದ.

ಶಿವಾನಂದ ಗಡಿಯಾರ ನೋಡಿಕೊಂಡು ಹತ್ತಿರ ಬಂದ. "ವೈಜನಾಥ, ಎರಡಕ್ಕ ಶಿಫ್ಟ್ ಐತಿ. ಮಂದೀನ ಕಳಿಸು. ಮೂರನೇ ಗೇಟ್ ಖಾಲಿ ಬಿದ್ದದ, ಇವತ್ತು ನೀನ ನಿಂದ್ರು."

"ಹೂಂರಿ" ಎಂದ ವೈಜನಾಥ. ಕುಣಿಯ ಪಕ್ಕ ಕುರ್ಚಿ ಖಾಲಿಯಾಗಿತ್ತು. "ತಂಗಿ, ಇದನ್ನ ಒಯ್ಯಲೇನು?"

ಸೂಗಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ಒಯ್ಯಿ" ಎಂದಳು.

ಎರಡು ಗಂಟೆಯ ಬಿಸಿಲು. ಮೂರನೇ ಗೇಟಿನ ಮುಂದೆ ಕ್ಯಾಬುಗಳು ಸಾಲುಗಟ್ಟಿದ್ದವು. ವೈಜನಾಥ ಬೈಕಿನ ಹಿಂದಿನಿಂದ ಕುರ್ಚಿ ಬಿಚ್ಚಿ, ಅಮರಯ್ಯ ನಿಲ್ಲುತ್ತಿದ್ದ ಜಾಗದಲ್ಲೇ ಇಟ್ಟ. ಕಾಲುಗಳಿಗೆ ಕುಣಿಯ ಮಣ್ಣು ಇನ್ನೂ ಮೆತ್ತಿತ್ತು. ಟೋಪಿ ಸರಿಮಾಡಿಕೊಂಡು ಕೂತ. ಮೇಲಿನ ಕ್ಯಾಮೆರಾ ಅವನತ್ತ ತಿರುಗಿತು.

ವಾಕಿಟಾಕಿ ಗೊರಗೊರ ಎಂದಿತು. ಅಲ್ಲಿ ಕೂತವನು ಯಾರು ಎಂದು ಕ್ಯಾಮೆರಾ ರೂಮಿನವನು ಕೂಗಿದ: "ಗೇಟ್ ನಂಬರ್ ತೀನ್! ಕೌನ್ ಬೈಠಾ ಹೈ ಉಧರ್?"

"ವೈಜನಾಥ" ಎಂದ ಅವನು. "ಹೆಸರು ಬರಕೊಳ್ರಿ."

ಎರಡನೇ ಗೇಟಿನ ಗಾರ್ಡ್ ಬಸವರಾಜ ಅದನ್ನು ತನ್ನ ವಾಕಿಟಾಕಿಯಲ್ಲಿ ಕೇಳಿಸಿಕೊಂಡ. ಆಮೇಲೆ ಹುಸೇನಮ್ಮನ ಕಸದ ಬಕೆಟ್ ಎಳೆದು, ಕ್ಯಾಮೆರಾದ ಎದುರಿಗೇ ಬೋರಲು ಹಾಕಿ, ಅದರ ಮೇಲೆ ಕೂತ.