ಹಿಂದಿನ ಸೀಟಿನ ಗಾಜು

ಮಧುಗಿರಿಯಲ್ಲಿ ಸಣ್ಣರಂಗಯ್ಯನ, ಅಂದರೆ ನನ್ನ, ಗಾಡಿ ರಿಪೇರಿ ಶೆಡ್ಡು ಎಲ್ಲಿ ಎಂದರೆ ಆ ಕಾಲದಲ್ಲಿ ಯಾರೂ ಹೇಳುತ್ತಿರಲಿಲ್ಲ. ಕಟ್ಟೋ ಮೇಸ್ತ್ರಿ ಎಲ್ಲಿ ಎಂದು ಕೇಳಬೇಕಿತ್ತು. ಹಾಗೆ ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವಳೂ ನನ್ನ ಕಡೆ ಕೈ ತೋರಿಸುತ್ತಿದ್ದಳು. ಸೀಳಿದ್ದು, ತೂತು ಬಿದ್ದದ್ದು ಏನೇ ಬರಲಿ, ಒಂದು ತುಂಡು ತಗಡು, ಒಂದಿಷ್ಟು ತಂತಿ, ಶಾಖ ತಡೆಯುವ ಕಲ್ನಾರಿನ ಹಗ್ಗ ಇಷ್ಟರಲ್ಲೇ ಕಟ್ಟಿ ಗಾಡಿ ಓಡಿಸಿ ಕಳಿಸುತ್ತಿದ್ದೆ. ಹೊಸ ಸಾಮಾನು ಹಾಕುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅಂಗಡಿಯಿಂದ ತಂದದ್ದಕ್ಕೆ ಬೋಲ್ಟು ಬಿಗಿಯುವುದಕ್ಕೆ ಮೇಸ್ತ್ರಿ ಯಾಕೆ ಬೇಕು, ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ಮೆರೆಯುತ್ತಿದ್ದೆ. ಆ ಜಂಬದಿಂದ ಏನಾಯಿತು ಎನ್ನುವುದನ್ನು ಹೇಳಬೇಕು. ಹತ್ತು ವರ್ಷ ಆಯಿತು, ಇನ್ನೂ ಒಳಗೆ ಇಟ್ಟುಕೊಂಡಿರುವುದು ನನ್ನಿಂದ ಆಗುವುದಿಲ್ಲ.

ಎಪ್ಪತ್ತೊಂಬತ್ತರ ಚಳಿಗಾಲ. ಟ್ಯಾಕ್ಸಿ ಓಡಿಸುವ ನಾಗಲಿಂಗಯ್ಯ ತನ್ನ ಅಂಬಾಸಿಡರ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಆ ಕಾರಿಗೆ ಇಪ್ಪತ್ತು ವರ್ಷ ದಾಟಿತ್ತು. ಇಂಜಿನ್ನಿನ ಹೊಗೆಯನ್ನು ಕಾರಿನ ಹೊಟ್ಟೆಯಡಿಯಿಂದ ಹಿಂದಕ್ಕೆ ಸಾಗಿಸುವ ಕೊಳವೆ ಮತ್ತು ಸೈಲೆನ್ಸರ್ ಡಬ್ಬ ಸೇರುವ ಕಡೆ ತುಕ್ಕು ತಿಂದು ತೂತಾಗಿತ್ತು. ಅವನು ತುಮಕೂರಿನಿಂದ ಹೊಸ ಸೈಲೆನ್ಸರನ್ನು ಕೊಳವೆ ಸಮೇತ ತಂದೇ ಬಂದಿದ್ದ.

"ಇದನ್ನ ಹಾಕ್ಬುಡು ಮೇಸ್ತ್ರಿ. ಒಳಗೆಲ್ಲ ಹೊಗೆ ವಾಸನೆ ಬತ್ತೈತೆ" ಅಂದ.

ನಾನು ಕಾರಿನಡಿ ತೂರಿ ನೋಡಿ ನಕ್ಕೆ. "ಇಷ್ಟಕ್ಕೆ ಹೊಸದು ತಂದಿದ್ದೀಯಲ್ಲಲಾ! ಅಟ್ಟದ ಮೇಲೆ ಮಡಗು, ನಿನ್ನ ಮೊಮ್ಮಗನ ಕಾಲಕ್ಕೆ ಬೇಕಾಗ್ತೈತೆ. ನಾನು ಕಟ್ಟಿಕೊಡ್ತೀನಿ, ಎರಡು ವರ್ಷ ಅಲ್ಲಾಡಾಕಿಲ್ಲ."

"ವಾಸನೆ?"

"ಗಾಜು ಇಳಿಸ್ಕಂಡು ಓಡ್ಸು. ನಮ್ಮೂರ ಬಿಸಿಲಲ್ಲಿ ಯಾವನು ಗಾಜು ಏರಿಸ್ಕಂಡು ಓಡಿಸ್ತಾನೆ?"

ಅದು ನಿಜವೂ ಆಗಿತ್ತು. ನಮ್ಮ ಕಡೆ ಕಾರಿನ ಗಾಜು ಏರಿಸುವವರೇ ಇರಲಿಲ್ಲ. ಕೊಬ್ಬರಿ ಎಣ್ಣೆಯ ಡಬ್ಬ ಕತ್ತರಿಸಿ ತಗಡು ಮಾಡಿ, ತೂತಿನ ಮೇಲೆ ಕಲ್ನಾರಿನ ಹಗ್ಗ ಸುತ್ತಿ, ತಗಡು ಹೊದಿಸಿ, ತಂತಿಯಿಂದ ಆರು ಕಡೆ ಬಿಗಿದೆ. ಸದ್ದು ನಿಂತಿತು. ನಾಗಲಿಂಗಯ್ಯ ಹೊಸ ಸೈಲೆನ್ಸರನ್ನು ತಾನೇ ನನ್ನ ಅಟ್ಟಕ್ಕೆ ಏರಿಸಿಟ್ಟು ಹೋದ.

ಅದಾಗಿ ಹದಿನೈದು ದಿನಕ್ಕೆ ಅವನು ನಡೆದುಕೊಂಡು ಶೆಡ್ಡಿಗೆ ಬಂದ. ಕಾರು ಇರಲಿಲ್ಲ. ಬಂದವನೇ ಹಳೇ ಟೈರಿನ ಮೇಲೆ ಕೂತು ಹಿಂದಿನ ದಿನ ನಡೆದದ್ದನ್ನು ಹೇಳಿದ.

ಹುಲಿಕುಂಟೆ ಕಡೆಯ ಹಟ್ಟಿಯೊಂದರ ಕುರಿಗಾಹಿ ಕ್ಯಾತಪ್ಪನ ಮಗಳು ಇಂದ್ರಮ್ಮನಿಗೆ ಮಧುಗಿರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಚೊಚ್ಚಲು, ಹೆಣ್ಣು ಮಗು. ಹತ್ತನೇ ದಿನ ಮನೆಗೆ ಕರೆದೊಯ್ಯಲು ನಾಗಲಿಂಗಯ್ಯನ ಕಾರು ಗೊತ್ತುಮಾಡಿದ್ದರು. ಕ್ಯಾತಪ್ಪ ಬಾಣಂತಿಗೆ ನೀರು, ಕೆಂಡ ಎಲ್ಲ ಸಿದ್ಧ ಮಾಡಿಸಲು ಬೆಳಗಿನ ಬಸ್ಸಿಗೇ ಮುಂದೆ ಹೋದ. ಕಾರಿನಲ್ಲಿ ಇಂದ್ರಮ್ಮ, ಅವಳ ತಾಯಿ ಹೊನ್ನಕ್ಕ, ಮಗು. ಹಸಿ ಬಾಣಂತಿಗೆ ಗಾಳಿ ಸೋಕಬಾರದು ಎಂದು ಹಿಂದಿನ ಗಾಜು ಎರಡನ್ನೂ ಪೂರ್ತಿ ಏರಿಸಿ, ಸಂದಿಗೆ ಬಟ್ಟೆ ತುರುಕಿದರು. ಓಡಿಸುವವನ ಕಿಟಕಿಯ ಗಾಳಿಯೂ ಹಿಂದಕ್ಕೆ ಹೋಗಬಾರದು ಎಂದು ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಚಾವಣಿಯಿಂದ ಕಂಬಳಿ ಇಳಿಬಿಟ್ಟರು. ಕಂಬಳಿಗೆ ಸಾಂಬ್ರಾಣಿ ಹೊಗೆ ಕೊಟ್ಟಿದ್ದರಿಂದ ಬೇರೆ ವಾಸನೆ ಯಾರ ಮೂಗಿಗೂ ಬರಲಿಲ್ಲ. ಇಂದ್ರಮ್ಮ ಸೀಟಿನುದ್ದಕ್ಕೂ ಕಾಲು ಮಡಚಿ ಮಲಗಿದ್ದಳು. ಹೊನ್ನಕ್ಕ ಅವಳ ಕಾಲಿನ ಕಡೆ ಮೂಲೆಯಲ್ಲಿ ಮಗು ಇಟ್ಟುಕೊಂಡು ಕೂತಿದ್ದಳು. ಬಾಣಂತಿಯ ಮೈ ಅಲುಗಬಾರದು ಎಂದು ನಾಗಲಿಂಗಯ್ಯ ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಓಡಿಸಿದ.

"ಸಿರಾ ದಾಟಿದ ಮೇಲೆ ಹೊನ್ನಕ್ಕಂಗೆ ತಲೆ ಸುತ್ತು, ವಾಂತಿ. ತಡಕಳಕ್ಕಾಗ್ದೆ ಗಾಜು ಇಳಿಸ್ಬುಟ್ಟು ಮಗೀನೂ ಎತ್ಕಂಡು ತಲೆ ಹೊರಕ್ಕಾಕಿದ್ಲು. ಹಟ್ಟೀಲಿ ಕಂಬಳಿ ತೆಗೆದು ನೋಡಿದ್ರೆ ಇಂದ್ರಮ್ಮ ಏಳ್ಲಿಲ್ಲ ಮೇಸ್ತ್ರಿ. ಮುಖ ಹೆಂಗಿತ್ತು ಗೊತ್ತಾ? ಕೆಂಪಗೆ, ಈಗ ನಿದ್ದೆ ತಿಳಿದು ಎದ್ದೋಳಂಗೆ."

ಹಟ್ಟಿಯವರೆಲ್ಲ ಒಂದೇ ಮಾತು ಹೇಳಿದರಂತೆ. ತಾಯಿಯೇ ಗಾಜು ಇಳಿಸಿ ಬಾಣಂತಿಗೆ ಗಾಳಿ ಬಿಟ್ಟಳು, ಮಗಳನ್ನು ಕೊಂದುಕೊಂಡಳು ಎಂದು. ನಾನೂ ಅಯ್ಯೋ ಪಾಪ ಅಂದೆ. ನನಗೂ ಹಾಗೆಯೇ ಅನ್ನಿಸಿತ್ತು. ಅಷ್ಟು ದಡ್ಡ ನಾನು.

ಒಂದೂವರೆ ತಿಂಗಳು ನಾಗಲಿಂಗಯ್ಯ ಆ ಕಾರು ಮುಟ್ಟಲಿಲ್ಲ. ಆಮೇಲೆ ಮಾರಿಬಿಡುತ್ತೇನೆ ಎಂದು ತಂದ. ಗೊರವನಹಳ್ಳಿ ದೇವಸ್ಥಾನಕ್ಕೆ ಬಾಡಿಗೆ ಹೊಡೆಯಲು ಕೊರಟಗೆರೆಯವನೊಬ್ಬ ಕೇಳುತ್ತಿದ್ದನಂತೆ. ಸದ್ದು ಮಾತ್ರ ಮತ್ತೆ ಟ್ರ್ಯಾಕ್ಟರಿನ ಹಾಗೆ ಬರುತ್ತಿತ್ತು.

"ಈ ಸಲ ಕಟ್ಟಾದು ಬ್ಯಾಡ. ಅಟ್ಟದ ಮ್ಯಾಲಿರಾದನ್ನೇ ಹಾಕು" ಅಂದ.

ಜಾಕಿ ಕೊಟ್ಟು, ಚಕ್ರಗಳ ಕೆಳಗೆ ಕಲ್ಲು ಒಡ್ಡಿ, ನಾನು ಅಂಗಾತ ಮಲಗಿ ಕಾರಿನಡಿ ಜರುಗಿದೆ. ನಟ್ಟುಗಳೆಲ್ಲ ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟು ನೆನೆಯಲು ಹಾಕಿ, ಅಷ್ಟರಲ್ಲಿ ನನ್ನ ಕಟ್ಟು ಹೇಗಿದೆ ನೋಡೋಣ ಎಂದು ಟಾರ್ಚು ಹಾಕಿದೆ. ಹಗ್ಗ ಕಾದು ಕಾದು ಪುಡಿಯಾಗಿ ಉದುರಿತ್ತು. ತಗಡು ಒಂದು ಗೇಣು ಹಿಂದಕ್ಕೆ ಸರಿದಿತ್ತು. ತೂತು ಈಗ ಮೂರು ಬೆರಳು ಹಿಡಿಸುವಷ್ಟು ಅಗಲವಾಗಿ ಬಾಯಿ ಮೇಲಕ್ಕೆ ಮಾಡಿಕೊಂಡಿತ್ತು. ಅದರ ನೇರಕ್ಕೆ ಕಾರಿನ ತಳದ ತಗಡೂ ತುಕ್ಕು ತಿಂದು ಉದುರಿತ್ತು. ಸುತ್ತಲೂ ಒಲೆಯ ಮೇಲಿನ ಗೋಡೆಯ ಹಾಗೆ ಮಸಿ. ತಳದ ತೂತಿನೊಳಕ್ಕೆ ಬೆರಳು ತೂರಿಸಿದೆ. ಮೇಲೆ ಕಾರಿನೊಳಗೆ ಕೂತಿದ್ದ ನಾಗಲಿಂಗಯ್ಯ ಕೂಗಿದ.

"ಮೇಸ್ತ್ರೀ, ಇಲ್ಲಿ ಚಾಪೆ ಎದ್ದೇಳ್ತೈತೆ."

"ಎಲ್ಲಿ?"

"ಹಿಂದೆ. ಎಡಗಡೆ. ಇಂದ್ರಮ್ಮನ ತಲೆ ಇತ್ತಲ್ಲ, ಆ ಕಡೆ."

ನಾನು ಕಾರಿನಡಿಯಿಂದ ಈಚೆ ಬರಲಿಲ್ಲ. ಹುಡುಗನಾಗಿದ್ದಾಗ ಪಾವಗಡದ ಶೆಡ್ಡೊಂದರಲ್ಲಿ ಕೆಲಸಕ್ಕಿದ್ದೆ. ಚಳಿಗೆ ಶೆಡ್ಡಿನ ಬಾಗಿಲು ಹಾಕಿಕೊಂಡು, ಇಂಜಿನ್ ನಡೆಸಿಕೊಂಡೇ ಮಲಗಿದ್ದ ಲಾರಿ ಡ್ರೈವರೊಬ್ಬ ಬೆಳಿಗ್ಗೆ ಸತ್ತಿದ್ದ. ಅವನ ಮುಖವೂ ಹಾಗೇ ಕೆಂಪಗಿತ್ತು. ಮುಚ್ಚಿದ ಜಾಗದಲ್ಲಿ ಈ ಹೊಗೆ ನಿದ್ದೆ ಮಾಡಿಸಿ ಕೊಲ್ಲುತ್ತೆ ಅಂತ ಅಲ್ಲಿನ ಮೇಸ್ತ್ರಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಗಾಜು ಇಳಿಸಿಕೊಂಡು ಓಡಿಸು ಎಂದು ಹೇಳಿ ಕಳಿಸಿದ್ದೆ. ನಮ್ಮ ಕಡೆ ಬಾಣಂತಿ ಕೂತ ಕಾರಿನ ಗಾಜು ಮಾತ್ರ ಇಳಿಸುವುದಿಲ್ಲ ಎನ್ನುವುದು ಹೊಳೆಯಲೇ ಇಲ್ಲ.

ಇಂದ್ರಮ್ಮನ ಜೀವ ಹೋದ ಹೊತ್ತಿನಲ್ಲಿ ಹೊಸ ಸೈಲೆನ್ಸರ್ ನನ್ನ ಅಟ್ಟದ ಮೇಲೆಯೇ ಇತ್ತು.

ಹಳೆಯದನ್ನು ಉಳಿ ಸುತ್ತಿಗೆಯಿಂದ ಒಡೆದು ತೆಗೆದೆ. ಹೊಸ ಕೊಳವೆ, ಹೊಸ ಡಬ್ಬ, ಹೊಸ ಪಟ್ಟಿ ಹಾಕಿ ಬೋಲ್ಟು ಬಿಗಿದೆ. ತಳಕ್ಕೆ ದಪ್ಪ ತಗಡು ಕೂರಿಸಿ ಬೆಸುಗೆ ಹಾಕಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಇಂಜಿನ್ ಶುರು ಮಾಡಿದರೆ ಪಿಸುಗುಟ್ಟಿದಷ್ಟೇ ಸದ್ದು. ಅರ್ಧ ದಿನದ ಕೆಲಸ ಅದು, ನಾನು ಕೈಲಾಗದವರ ಕೆಲಸ ಎಂದು ಆಡಿಕೊಳ್ಳುತ್ತಿದ್ದದ್ದು.

ನಾಗಲಿಂಗಯ್ಯನಿಗೆ ಎಲ್ಲ ಹೇಳಿದೆ. ಅವನು, "ಹೋದೋಳು ಹೋದ್ಲು. ಈಗ ಹೇಳಿ ಯಾರಿಗೇನು ಬತ್ತೈತೆ? ನಿನ್ನ ಶೆಡ್ಡಿಗೆ ಯಾವನೂ ಬರಾಕಿಲ್ಲ. ನನ್ನ ಗಾಡಿ ಯಾರೂ ಹತ್ತಾಕಿಲ್ಲ" ಅಂದ.

"ಆ ತಾಯಿ ಹೆಂಗವ್ಳೆ?"

ಅವನು ನೆಲ ನೋಡಿದ. "ಮಗೀನ ಮುಟ್ಟಾಕೆ ಬುಡಲ್ವಂತೆ. ಕ್ಯಾತಪ್ಪನೇ ಮೇಕೆ ಹಾಲಲ್ಲಿ ಬತ್ತಿ ಅದ್ದಿ ಚೀಪಿಸ್ತಾನಂತೆ. ಆಯಮ್ಮ ಹೊರಗೆ ಜಗಲಿ ಮ್ಯಾಲೇ ಇರ್ತಾಳಂತೆ."

"ನಡಿಯಲಾ" ಅಂದೆ.

ಹಳೇ ಸೈಲೆನ್ಸರನ್ನು ಗೋಣಿಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆವು. ನಾಲ್ಕೂ ಗಾಜು ಇಳಿಸಿದ್ದೆವು.

ಆ ಕಾರು ಕಂಡದ್ದೇ ಹಟ್ಟಿಯ ಹೆಂಗಸರು ಒಳಗೆ ಹೋದರು. ಕ್ಯಾತಪ್ಪ ಕೈಯಲ್ಲಿ ಕುರಿ ಕಾಯುವ ಕೋಲು ಹಿಡಿದು ಬಾಗಿಲಿಗೆ ಬಂದ. ಹೊನ್ನಕ್ಕ ಜಗಲಿಯ ತುದಿಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ನಮ್ಮನ್ನು ನೋಡಿದರೂ ಕದಲಲಿಲ್ಲ.

ಗೋಣಿ ಬಿಚ್ಚಿ ಕೊಳವೆಯನ್ನು ಜಗಲಿಯ ಕೆಳಗೆ ಇಟ್ಟೆ. ನಾನು ಯಾರು, ಏನು ಕಟ್ಟಿದ್ದೆ, ಅದು ಹೇಗೆ ಸರಿಯಿತು, ಹೊಗೆ ಎಲ್ಲಿಂದ ಎಲ್ಲಿಗೆ ಏರಿತು, ಯಾವುದನ್ನೂ ಬಿಡದೆ ಹೇಳಿದೆ. ಕೊನೆಗೆ, "ಅಕ್ಕಾ, ನಿಮ್ಮ ಮಗಳನ್ನ ತಗಂಡಿದ್ದು ಹೊರಗಿನ ಗಾಳಿ ಅಲ್ಲ. ನನ್ನ ಕೈ ಕಟ್ಟಿದ ಕಟ್ಟು. ನೀವು ಗಾಜು ಇಳಿಸ್ದೇ ಇದ್ದಿದ್ರೆ ಆ ಮಗೀನೂ ಉಳೀತಿರ್ಲಿಲ್ಲ, ನೀವೂ ಉಳೀತಿರ್ಲಿಲ್ಲ" ಅಂದೆ.

ಕ್ಯಾತಪ್ಪ ಕೋಲನ್ನು ಎತ್ತಿದ. ಹೊಡೆಯಲಿ ಎಂದೇ ನಿಂತಿದ್ದೆ. ಹೊಡೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಹೊಡೆಯಲಿಲ್ಲ. ಕೋಲಿನ ತುದಿಯಿಂದ ಆ ಕೊಳವೆಯನ್ನು ಮಗುಚಿ ನೋಡಿದ.

ಹೊನ್ನಕ್ಕ ಜಗಲಿಯಿಂದ ಇಳಿದು ಬಂದಳು. ಕೂತು ತೂತಿನ ಸುತ್ತ ಬೆರಳಾಡಿಸಿದಳು. ಬೆರಳಿಗೆ ಮಸಿ ಹತ್ತಿತು. ಅದನ್ನೇ ನೋಡುತ್ತಾ ಕೇಳಿದಳು.

"ಗಾಜು ಇಳಿಸಿದ್ದು ಒಳ್ಳೇದೇ ಆಯ್ತಾ?"

"ಹೂಂ ಅಕ್ಕಾ."

"ಇನ್ನೂ ಮುಂಚೆ ಇಳಿಸಿದ್ದಿದ್ರೆ?"

ನಾನು ಖಾಲಿ ಗೋಣಿಯನ್ನು ಮಡಚತೊಡಗಿದೆ. ಅವಳೇ ಮುಂದುವರಿಸಿದಳು.

"ಸಿರಾ ಇನ್ನೂ ದೂರ ಇರಂಗ್ಲೇ ನನ್ನ ಮಗಳು ಕೇಳ್ತು ಕಣಪ್ಪ. ಅವ್ವಾ, ತಲೆ ಸಿಡೀತೈತೆ, ವಸಿ ಗಾಜು ಇಳ್ಸು ಅಂತು. ಗಾಳಿ ಸೋಕ್ತೈತೆ ಸುಮ್ಕಿರು ಅಂತ ಕಂಬಳಿ ಇನ್ನೂ ಬಿಗಿಯಾಗಿ ಹೊದಿಸ್ದೆ. ಮತ್ತೆ ಕೇಳ್ತು. ಗದರಿಸ್ಬುಟ್ಟೆ. ಮೂರನೇ ಸಲ ಕೇಳ್ದಾಗ ಮಾತು ಸರಿಯಾಗಿ ಬರ್ಲಿಲ್ಲ, ನಿದ್ದೆಗಣ್ಣು ಅಂದ್ಕಂಡೆ. ನನಗೆ ತಡಕಳಕ್ಕಾಗ್ದೇ ಇದ್ದಾಗ ಇಳಿಸ್ದೆ. ನನಗೋಸ್ಕರ ಇಳಿಸ್ಕಂಡೆ. ಅವಳಿಗೆ ಇಳಿಸ್ಲಿಲ್ಲ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ ಎನ್ನುವುದು ಕ್ಯಾತಪ್ಪನ ಮುಖ ನೋಡಿದರೇ ತಿಳಿಯುತ್ತಿತ್ತು. ನಾಗಲಿಂಗಯ್ಯ ಆ ಕಡೆ ತಿರುಗಿ ನಿಂತ. ಅವಳ ತಲೆಯ ಹೊರೆ ಇಳಿಸುತ್ತೇನೆ ಎಂದುಕೊಂಡು ಬಂದ ನಾನು ಅದಕ್ಕಿಂತ ಭಾರವಾದದ್ದನ್ನು ಹೊರಿಸಿದ್ದೆ. ಗಾಜು ಇಳಿಸಿದ್ದು ತಪ್ಪು ಎನ್ನುವುದು ಸುಳ್ಳಾದ ಕೂಡಲೇ ಇಳಿಸದೇ ಇದ್ದದ್ದು ತಪ್ಪಾಗಿ ಎದ್ದು ನಿಂತಿತ್ತು. ಅದಕ್ಕೆ ನನ್ನ ಹತ್ತಿರ ಯಾವ ತಗಡೂ ಇರಲಿಲ್ಲ. ಅಕ್ಕಾ, ತಪ್ಪು ನಂದು, ನಂದು ಎಂದು ಅಷ್ಟನ್ನೇ ಮತ್ತೆ ಮತ್ತೆ ಹೇಳುತ್ತಾ ನಿಂತೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

ಕ್ಯಾತಪ್ಪ ಕೋಲನ್ನು ಗೋಡೆಗೆ ಒರಗಿಸಿದ. ನಮಗಲ್ಲ, ಹೆಂಡತಿಗೂ ಅಲ್ಲ, ನೆಲಕ್ಕೆ ಹೇಳುವ ಹಾಗೆ ಹೇಳಿದ.

"ಬಸ್ಸು ಹತ್ತೋವಾಗ ನಾನೇ ಅಲ್ವಾ ಹೇಳಿದ್ದು. ಅವಳು ಅತ್ರೂ ಸೈತ ಗಾಜು ಇಳಿಸ್ಬ್ಯಾಡ ಅಂತ. ಅದನ್ನ ನೀನು ಒಂದು ದಿನವಾದ್ರೂ ಎತ್ತಿ ಆಡ್ಲಿಲ್ಲ. ನಾನು ಒಂದೂವರೆ ತಿಂಗಳಿಂದ ನಿನ್ನನ್ನೇ ಬೈದು ತಿಂದೆ."

ಅವನು ಒಳಗೆ ಹೋದ. ಕಿಟಕಿಗೆ ಗೋಣಿ ಬಿಗಿದಿದ್ದ ಆ ಕತ್ತಲ ಮನೆಯಿಂದ ಮಗುವನ್ನು ಎತ್ತಿಕೊಂಡು ಬಂದ. ಸುತ್ತಿದ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ, ಅದರ ಮೇಲೆ ಕಂಬಳಿ ತುಂಡು, ಮೂಗು ಮಾತ್ರ ಕಾಣುತ್ತಿತ್ತು. ಬಿಸಿಲಿನಲ್ಲಿ ನಿಂತುಕೊಂಡೇ ಕಂಬಳಿ ತುಂಡನ್ನು ಬಿಚ್ಚಿ ಹಾಕಿ, ಮಗುವನ್ನು ಹೊನ್ನಕ್ಕನ ಮಡಿಲಿಗೆ ಇಟ್ಟ. ಇಟ್ಟು ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

ನಾನು ಕೊಳವೆಯನ್ನು ಗೋಣಿಗೆ ಹಾಕಲು ಬಗ್ಗಿದೆ. "ಅದು ಇಲ್ಲೇ ಇರ್ಲಿ ಬುಡು" ಎಂದ ಕ್ಯಾತಪ್ಪ. "ಇನ್ನು ಯಾರಿಗೂ ಕಟ್ಟಿಕೊಡ್ಬ್ಯಾಡ."

ಕೊಡಲಿಲ್ಲ. ಅಂದಿನಿಂದ ಇವತ್ತಿನವರೆಗೆ ಒಂದು ಕಟ್ಟನ್ನೂ ಕಟ್ಟಿಲ್ಲ.

ಕಾರು ಹತ್ತುವಾಗ ತಿರುಗಿ ನೋಡಿದೆ. ಮೂಡಲ ಕಡೆಯಿಂದ ಸಣ್ಣಗೆ ಗಾಳಿ ಬೀಸುತ್ತಿತ್ತು. ಹೊನ್ನಕ್ಕ ಅಭ್ಯಾಸದಿಂದ ಸೆರಗನ್ನು ಮಗುವಿನ ಮುಖದ ಮೇಲೆ ಎಳೆದಳು. ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಮಸಿ ಹತ್ತಿದ ಆ ಬೆರಳುಗಳಿಂದಲೇ ಸೆರಗನ್ನು ಪಕ್ಕಕ್ಕೆ ಸರಿಸಿ ಮಗುವನ್ನು ಗಾಳಿಯ ಕಡೆಗೆ ತಿರುಗಿಸಿ ಹಿಡಿದಳು.